ಬಾಹ್ಯಾಕಾಶ ನೌಕೆಗಳ ದಾರಿ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಕೆಟ್ ಮೇಲೇರುವ ಆ 15-20 ನಿಮಿಷವನ್ನು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಆಮೇಲಿನ ತಿಂಗಳುಗಟ್ಟಲೆ ಪ್ರಯಾಣದ ಬಗ್ಗೆ ಪೇಪರ್‌ನಲ್ಲಿ ಬರುವುದು ಎರಡು ಸಾಲು. ಆದರೆ ನೌಕೆ ಯಾವ ದಾರಿಯಲ್ಲಿ ಹೋಗಬೇಕು, ಎಂಜಿನ್ ಯಾವ ಹೊತ್ತಿಗೆ ಎಷ್ಟು ಸೆಕೆಂಡ್ ಉರಿಯಬೇಕು ಅನ್ನುವ ಲೆಕ್ಕ ಸರಿಯಿಲ್ಲದಿದ್ದರೆ ಎಂಥ ರಾಕೆಟ್ ಇದ್ದರೂ ಪ್ರಯೋಜನ ಇಲ್ಲ. ಇಲ್ಲಿರುವುದು ಆ ಲೆಕ್ಕದ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು. ಉದಾಹರಣೆಗಳಲ್ಲಿ ಇಸ್ರೋದವು ಜಾಸ್ತಿ ಇವೆ. ಚಿಕ್ಕ ರಾಕೆಟ್ ಇಟ್ಟುಕೊಂಡು ದೂರ ಹೋಗಬೇಕಾದವರು ದಾರಿಯ ಲೆಕ್ಕವನ್ನು ಬೇರೆಯವರಿಗಿಂತ ಚೆನ್ನಾಗಿ ಕಲಿಯುತ್ತಾರೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಪೋಲೊ 3 ದಿನದಲ್ಲಿ ಚಂದ್ರನ ಹತ್ತಿರ ಹೋಯ್ತು. ಚಂದ್ರಯಾನ-3ಕ್ಕೆ 40 ದಿನ ಯಾಕೆ ಬೇಕಾಯ್ತು?

ಇದು ಎಲ್ಲರಿಗಿಂತ ಮೊದಲು ಬರುವ ಪ್ರಶ್ನೆ. "ನಮ್ಮ ರಾಕೆಟ್ ಚಿಕ್ಕದು" ಅನ್ನುವುದು ಅರ್ಧ ಉತ್ತರ ಮಾತ್ರ.

2023ರ ಜುಲೈ 14ರಂದು ಎಲ್‌ವಿಎಂ-3 ರಾಕೆಟ್ ಈ ನೌಕೆಯನ್ನು ಬಿಟ್ಟಿದ್ದು ಸುಮಾರು 170 ಕಿ.ಮೀ. x 36,500 ಕಿ.ಮೀ. ಕಕ್ಷೆಯಲ್ಲಿ. ಅಂದರೆ ಭೂಮಿಗೆ ತೀರಾ ಹತ್ತಿರ ಬಂದಾಗ 170 ಕಿ.ಮೀ. ಎತ್ತರ, ದೂರ ಹೋದಾಗ 36,500. ಹತ್ತಿರದ ಆ ಬಿಂದುವಿಗೆ ಪೆರಿಜಿ ಅನ್ನುತ್ತಾರೆ, ದೂರದ್ದಕ್ಕೆ ಅಪೋಜಿ. ಪೆರಿಜಿಯಲ್ಲಿ ಆಗಲೇ ಸೆಕೆಂಡಿಗೆ ಸುಮಾರು 10.3 ಕಿ.ಮೀ. ವೇಗ ಇತ್ತು. ಚಂದ್ರನ ತನಕ ಹೋಗಲು 10.9 ಹತ್ತಿರ ಬೇಕು. ಬಾಕಿ ಇದ್ದದ್ದು ಬರೀ 0.6.

ಈ 0.6 ಕೊಡಬೇಕಾದ್ದು ನೌಕೆಯ ಸ್ವಂತ ಎಂಜಿನ್. ಅದರ ನೂಕುಬಲ 440 ನ್ಯೂಟನ್, ನೌಕೆಯ ತೂಕ ಸುಮಾರು 3,900 ಕೆ.ಜಿ. ಭಾಗಿಸಿ ನೋಡಿ: ಒಂದೇ ಸಲಕ್ಕೆ ಅಷ್ಟು ವೇಗ ಪಡೆಯಲು ಒಂದು ಗಂಟೆಗೂ ಜಾಸ್ತಿ ಹೊತ್ತು ಎಂಜಿನ್ ಉರಿಸಬೇಕಾಗುತ್ತದೆ. ಅಷ್ಟರಲ್ಲಿ ನೌಕೆ ಪೆರಿಜಿ ದಾಟಿ ಸಾವಿರಾರು ಕಿ.ಮೀ. ಮೇಲೆ ಹೋಗಿರುತ್ತದೆ, ಅಲ್ಲಿ ಉರಿಸಿದ ಇಂಧನದ ಫಲ ತುಂಬಾ ಕಡಿಮೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಪೆರಿಜಿಗೆ ಬಂದಾಗ ಸ್ವಲ್ಪ ಹೊತ್ತು ಉರಿಸಿ ನಿಲ್ಲಿಸುತ್ತಾರೆ. ಪಂಚಮಿ ಜೋಕಾಲಿಯನ್ನು ಪ್ರತಿಸಲ ಸರಿಯಾದ ಹೊತ್ತಿಗೆ ಸ್ವಲ್ಪವೇ ನೂಕಿದರೂ ಅದು ಮೇಲೆ ಮೇಲೆ ಹೋಗುತ್ತದಲ್ಲ, ಹಾಗೆ. ಜುಲೈ 25ರ ಹೊತ್ತಿಗೆ ಅಪೋಜಿ 1.27 ಲಕ್ಷ ಕಿ.ಮೀ. ದಾಟಿತ್ತು. ಅಲ್ಲಿಂದ ಚಂದ್ರನ ದಾರಿ ಹಿಡಿಯಲು ಆಗಸ್ಟ್ 1ರಂದು ಕೊಟ್ಟ ಕೊನೆಯ ನೂಕು, ಲೆಕ್ಕ ಹಾಕಿದರೆ, ಸೆಕೆಂಡಿಗೆ 200 ಮೀಟರ್‌ಗೂ ಕಡಿಮೆ.

ಅಪೋಲೊ-11ರಲ್ಲಿ ಸ್ಯಾಟರ್ನ್-5 ರಾಕೆಟ್‌ನ ಮೂರನೇ ಹಂತವೇ ಈ ಕೆಲಸವನ್ನು ಸುಮಾರು 6 ನಿಮಿಷದಲ್ಲಿ ಮುಗಿಸಿತು. ಒಳಗೆ ಮನುಷ್ಯರಿದ್ದರು. ಅವರಿಗೆ ಊಟ, ನೀರು, ಗಾಳಿ ಎಲ್ಲ ಬೇಕು, ವಾರಗಟ್ಟಲೆ ಸುತ್ತಾಡಿಸುವ ಹಾಗಿಲ್ಲ. ಯಂತ್ರಕ್ಕೆ ಆ ಅವಸರ ಇಲ್ಲ.

ಇನ್ನೊಂದು ಕಾರಣವನ್ನು ಜನ ಮರೆತುಬಿಡುತ್ತಾರೆ. ವಿಕ್ರಮ್ ಲ್ಯಾಂಡರ್ ನಡೆಯುವುದು ಸೂರ್ಯನ ಬೆಳಕಿನಲ್ಲಿ, ಅದಕ್ಕೆ ಸಿಗುವುದು ಚಂದ್ರನ ಒಂದು ಹಗಲು, ಅಂದರೆ ನಮ್ಮ 14 ದಿನ. ಇಳಿಯುವ ಜಾಗದಲ್ಲಿ ಬೆಳಗಾಗುವ ಹೊತ್ತಿಗೇ ಇಳಿಯಬೇಕು. ಆಗಸ್ಟ್ 23 ಅನ್ನುವ ದಿನಾಂಕ ಬಂದದ್ದು ಅಲ್ಲಿಂದ. ಹಾಗಾಗಿ ದಾರಿಯನ್ನು ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆಯಬೇಕು.

ಪೆರಿಜಿಯಲ್ಲೇ ಯಾಕೆ ಎಂಜಿನ್ ಉರಿಸಬೇಕು? ಎಲ್ಲಿ ಉರಿಸಿದರೂ ಇಂಧನ ಅದೇ ಅಲ್ವಾ?

ಇಂಧನ ಅದೇ, ಸಿಗುವ ಶಕ್ತಿ ಅದೇ ಅಲ್ಲ. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಧಾನವಾಗಿ ಹೋಗುವಾಗ ಸೇರಿಸಿದ 1 ಕಿ.ಮೀ. ವೇಗಕ್ಕಿಂತ ಜೋರಾಗಿ ಹೋಗುವಾಗ ಸೇರಿಸಿದ 1 ಕಿ.ಮೀ. ವೇಗ ತುಂಬಾ ಜಾಸ್ತಿ ಶಕ್ತಿ ಕೊಡುತ್ತದೆ. ನೌಕೆ ಅತಿ ಜೋರಾಗಿ ಓಡುವುದು ಪೆರಿಜಿಯಲ್ಲಿ. ಇದನ್ನು ಓಬರ್ತ್ ಪರಿಣಾಮ ಅನ್ನುತ್ತಾರೆ.

ಸಂಖ್ಯೆಯಲ್ಲೇ ನೋಡೋಣ. 300 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ ನೌಕೆ ಮಂಗಳಕ್ಕೆ ಹೊರಡಬೇಕು ಅಂದುಕೊಳ್ಳಿ. ಭೂಮಿಯ ಹಿಡಿತದಿಂದ ಪೂರ್ತಿ ಬಿಡಿಸಿಕೊಂಡ ಮೇಲೂ ಅದರ ಕೈಯಲ್ಲಿ ಸೆಕೆಂಡಿಗೆ ಸುಮಾರು 2.9 ಕಿ.ಮೀ. ವೇಗ ಉಳಿದಿರಬೇಕು. ಮೊದಲು ಬಿಡಿಸಿಕೊಂಡು, ದೂರ ಹೋಗಿ, ಆಮೇಲೆ 2.9 ಸೇರಿಸುತ್ತೇನೆ ಅಂದರೆ ಒಟ್ಟು 6.1 ಕಿ.ಮೀ. ವೇಗ ಬದಲಾವಣೆ ಬೇಕು. ಎಲ್ಲವನ್ನೂ ಭೂಮಿಯ ಪಕ್ಕದಲ್ಲೇ ಒಟ್ಟಿಗೆ ಮಾಡಿದರೆ 3.6 ಸಾಕು. ಅದೇ ಊರು, ಅದೇ ನೌಕೆ, ಉಳಿತಾಯ ಸುಮಾರು ಶೇ. 40. ಈ ವಿಷಯದಲ್ಲಿ ನನಗೆ ಮೊದಲು ಹುಚ್ಚು ಹಿಡಿಸಿದ್ದೇ ಈ ಲೆಕ್ಕ.

ಡೆಲ್ಟಾ-ವಿ ಅಂತ ಎಲ್ಲರೂ ಹೇಳುತ್ತಾರಲ್ಲ, ಏನದು?

ದಾರಿಯ ಬೆಲೆ. ಮೇಲೆ 3.6, 6.1 ಅಂದೆನಲ್ಲ, ಅದೇ. ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಹೋಗಲು ವೇಗ ಎಷ್ಟು ಬದಲಾಗಬೇಕು ಅನ್ನುವ ಲೆಕ್ಕ. ನೆಲದ ಮೇಲೆ ನಾವು ದಾರಿಯನ್ನು ಕಿಲೋಮೀಟರ್‌ನಲ್ಲಿ ಅಳೆಯುತ್ತೇವೆ. ಬಾಹ್ಯಾಕಾಶದಲ್ಲಿ ಕಿಲೋಮೀಟರ್ ಹೆಚ್ಚು ಕಡಿಮೆ ಆದರೆ ಅಷ್ಟೇನೂ ನಷ್ಟ ಇಲ್ಲ, ಡೆಲ್ಟಾ-ವಿ ಹೆಚ್ಚಾದರೆ ಕಷ್ಟ.

ಯಾಕೆ ಕಷ್ಟ ಅಂದರೆ ತ್ಸಿಯೋಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣ. ಇಂಧನವನ್ನು ಹೊತ್ತೊಯ್ಯಲು ಮತ್ತೆ ಇಂಧನ ಬೇಕು. ಸಾಮಾನ್ಯವಾಗಿ ನೌಕೆಗಳಲ್ಲಿ ಬಳಸುವ ದ್ರವ ಇಂಧನದ ಎಂಜಿನ್ ಆದರೆ ಸೆಕೆಂಡಿಗೆ 1 ಕಿ.ಮೀ. ಡೆಲ್ಟಾ-ವಿಗೆ ನೌಕೆಯ ಒಟ್ಟು ತೂಕದ ಸುಮಾರು ಶೇ. 28 ಉರಿದುಹೋಗುತ್ತದೆ. 2 ಕಿ.ಮೀ.ಗೆ ಶೇ. 48. 3 ಕಿ.ಮೀ.ಗೆ ಶೇ. 60ಕ್ಕೂ ಮೇಲೆ. ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್, ಅಂದರೆ ಲ್ಯಾಂಡರನ್ನು ಚಂದ್ರನ ತನಕ ಹೊತ್ತೊಯ್ದ ಎಂಜಿನ್ ಭಾಗ, 2,148 ಕೆ.ಜಿ. ಇತ್ತು, ಅದರಲ್ಲಿ 1,696 ಕೆ.ಜಿ. ಬರೀ ಇಂಧನ. ದಾರಿ ಹಾಕುವವರು ಸೆಕೆಂಡಿಗೆ 10 ಮೀಟರ್ ಉಳಿಸಲು ತಿಂಗಳುಗಟ್ಟಲೆ ಕೂರುವುದು ಈ ಕಾರಣಕ್ಕೆ.

ದಾರಿಯುದ್ದಕ್ಕೂ ಎಂಜಿನ್ ಉರಿಯುತ್ತಲೇ ಇರುತ್ತಾ?

ಇಲ್ಲ. ಸಾಮಾನ್ಯ ಎಂಜಿನ್ ಇರುವ ನೌಕೆ ಹೆಚ್ಚಿನ ಹೊತ್ತು ಸುಮ್ನೆ ಬೀಳುತ್ತಿರುತ್ತದೆ, ಸೂರ್ಯನ ಸುತ್ತಲೋ ಭೂಮಿಯ ಸುತ್ತಲೋ. ಮಂಗಳಯಾನ ಭೂಮಿ ಬಿಡಲು ಎಂಜಿನ್ ಉರಿದದ್ದು ಸುಮಾರು 22 ನಿಮಿಷ. ಮಂಗಳ ಸೇರಲು ಸುಮಾರು 23 ನಿಮಿಷ. ನಡುವೆ ಹತ್ತಿರ ಹತ್ತಿರ 300 ದಿನ, ಅದರಲ್ಲಿ ಸಣ್ಣ ತಿದ್ದುಪಡಿ ಮೂರೇ ಸಲ. 2014ರ ಆಗಸ್ಟ್‌ನಲ್ಲಿ ಇನ್ನೊಂದು ತಿದ್ದುಪಡಿ ಮಾಡುವ ಯೋಚನೆ ಇತ್ತು, ದಾರಿ ಅಷ್ಟು ಸರಿಯಾಗಿದ್ದರಿಂದ ಬೇಡ ಅಂತ ಕೈಬಿಟ್ಟರು.

ಮಂಗಳಕ್ಕೆ ಬೇಕಾದಾಗ ಹೋಗಲು ಯಾಕೆ ಆಗುವುದಿಲ್ಲ?

ಹೊರಡುವ ದಿನ ಮಂಗಳ ಎಲ್ಲಿದೆ ಅನ್ನುವುದು ಮುಖ್ಯ ಅಲ್ಲ, ನೀವು ತಲುಪುವ ದಿನ ಎಲ್ಲಿರುತ್ತದೆ ಅನ್ನುವುದು ಮುಖ್ಯ. ಜರ್ಮನಿಯ ವಾಲ್ಟರ್ ಹೋಮನ್ 1925ರಲ್ಲಿ ತೋರಿಸಿದ ದಾರಿಯೇ ಇವತ್ತಿಗೂ ಮೊದಲ ಲೆಕ್ಕ. ಭೂಮಿಯ ಕಕ್ಷೆಯನ್ನು ಒಂದು ತುದಿಯಲ್ಲಿ, ಮಂಗಳನ ಕಕ್ಷೆಯನ್ನು ಇನ್ನೊಂದು ತುದಿಯಲ್ಲಿ ಮುಟ್ಟುವ ಅಂಡಾಕಾರದ ದಾರಿ. ಆ ಅರ್ಧ ಸುತ್ತಿಗೆ ಸುಮಾರು 259 ದಿನ. ಅಷ್ಟು ದಿನದಲ್ಲಿ ಮಂಗಳ ತನ್ನ ಕಕ್ಷೆಯಲ್ಲಿ ಸುಮಾರು 136 ಡಿಗ್ರಿ ನಡೆದಿರುತ್ತದೆ. ಅಂದರೆ ನೀವು ಹೊರಡುವ ದಿನ ಅದು ಭೂಮಿಗಿಂತ ಸುಮಾರು 44 ಡಿಗ್ರಿ ಮುಂದಿರಬೇಕು. ಈ ಜೋಡಣೆ ಬರುವುದು 780 ದಿನಕ್ಕೊಮ್ಮೆ, ಸುಮಾರು 26 ತಿಂಗಳು.

ನಿಜವಾದ ಕಕ್ಷೆಗಳು ಪೂರ್ತಿ ವೃತ್ತ ಅಲ್ಲ, ಒಂದೇ ಸಮತಲದಲ್ಲೂ ಇಲ್ಲ. ಹಾಗಾಗಿ ನಿಜವಾದ ಮಿಷನ್‌ಗೆ ಹೊರಡುವ ದಿನ, ತಲುಪುವ ದಿನ ಎರಡನ್ನೂ ಬದಲಾಯಿಸುತ್ತಾ ಸಾವಿರಾರು ಜೋಡಿಗಳಿಗೆ ಲೆಕ್ಕ ಮಾಡುತ್ತಾರೆ. ಎರಡು ಜಾಗ ಮತ್ತು ನಡುವಿನ ಸಮಯ ಕೊಟ್ಟರೆ ದಾರಿ ಯಾವುದು ಅನ್ನುವ ಈ ಲೆಕ್ಕದ ಹೆಸರು ಲ್ಯಾಂಬರ್ಟ್ ಸಮಸ್ಯೆ, 18ನೇ ಶತಮಾನದ್ದು. ಉತ್ತರಗಳನ್ನು ನಕ್ಷೆಯಲ್ಲಿ ಬರೆದರೆ ಗುಡ್ಡದ ಎತ್ತರ ತೋರಿಸುವ ಗೆರೆಗಳ ಹಾಗೆ ಕಾಣುತ್ತದೆ. ಆ ನಕ್ಷೆಗೆ ಪೋರ್ಕ್‌ಚಾಪ್ ಪ್ಲಾಟ್ ಅಂತ ಹೆಸರು. ಅದರಲ್ಲಿ ತಗ್ಗು ಎಲ್ಲಿದೆಯೋ ಅದೇ ಅಗ್ಗದ ದಾರಿ.

ಪಿಎಸ್‌ಎಲ್‌ವಿ ಅಷ್ಟು ಚಿಕ್ಕ ರಾಕೆಟ್. ಅದರಿಂದ ಮಂಗಳಕ್ಕೆ ಹೋಗಿದ್ದು ಹೇಗೆ?

ನನ್ನ ಪ್ರಕಾರ ಇಸ್ರೋದ ದಾರಿ ಲೆಕ್ಕಗಳಲ್ಲಿ ಅತಿ ಚೆಂದದ್ದು ಇದು. ಅದಕ್ಕಿಂತ ದೊಡ್ಡ ರಾಕೆಟ್ ಜಿಎಸ್‌ಎಲ್‌ವಿ 2010ರಲ್ಲಿ ಎರಡು ಸಲ ವಿಫಲ ಆಗಿತ್ತು, ಅದನ್ನು ನಂಬಿ ಕೂರುವ ಹಾಗಿರಲಿಲ್ಲ. 2013ರ ಕೊನೆಯ ಅವಕಾಶ ತಪ್ಪಿದರೆ ಮುಂದಿನದು 2016. ಹಾಗಾಗಿ ಪಿಎಸ್‌ಎಲ್‌ವಿಯೇ ಗತಿ. ಅದು 1,337 ಕೆ.ಜಿ. ನೌಕೆಯನ್ನು ಬಿಟ್ಟಿದ್ದು 248 x 23,550 ಕಿ.ಮೀ. ಕಕ್ಷೆಯಲ್ಲಿ. ಮಂಗಳ ಎಲ್ಲಿ, ಇದೆಲ್ಲಿ!

ಆದರೆ ಆ ಕಕ್ಷೆಯ ಪೆರಿಜಿ ಸುಮ್ನೆ ಎಲ್ಲೋ ಇದ್ದರೆ ಆಗುತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ ಅದೇ ಪೆರಿಜಿಯಿಂದ ಹೊರಟಾಗ ನೌಕೆ ಸರಿಯಾದ ದಿಕ್ಕಿಗೆ ಹಾರಬೇಕು. ಅಂದರೆ ಪೆರಿಜಿಯ ದಿಕ್ಕನ್ನು ಶ್ರೀಹರಿಕೋಟಾ ಬಿಡುವ ದಿನವೇ ಸರಿಯಾಗಿ ಕೂರಿಸಬೇಕು. ಅದಕ್ಕಾಗಿ ರಾಕೆಟ್‌ನ ಮೂರನೇ ಹಂತ ಮುಗಿದ ಮೇಲೆ ನಾಲ್ಕನೆಯದನ್ನು ಕೂಡಲೇ ಹಚ್ಚಲಿಲ್ಲ, ಸುಮಾರು 25 ನಿಮಿಷ ಹಾಗೇ ತೇಲಲು ಬಿಟ್ಟರು. ಅಷ್ಟರಲ್ಲಿ ಅದು ಪೆಸಿಫಿಕ್ ಸಾಗರದ ಮೇಲಿತ್ತು. ಅಲ್ಲಿ ಸಿಗ್ನಲ್ ಹಿಡಿಯಲು ನಮ್ಮ ನೆಲದ ಕೇಂದ್ರ ಯಾವುದೂ ಇರಲಿಲ್ಲ. ಹಾಗಾಗಿ ನಾಲಂದಾ, ಯಮುನಾ ಅನ್ನುವ ಎರಡು ಹಡಗುಗಳನ್ನು ಆಂಟೆನಾ ಹೊರಿಸಿ ಕಳಿಸಿದರು. ಸಮುದ್ರದಲ್ಲಿ ಹವೆ ಕೆಟ್ಟು ಹಡಗು ತಡವಾಗಿದ್ದಕ್ಕೆ ಉಡಾವಣೆ ಅಕ್ಟೋಬರ್ 28ರಿಂದ ನವೆಂಬರ್ 5ಕ್ಕೆ ಹೋಯಿತು.

ಆಮೇಲೆ ಕಕ್ಷೆ ಎತ್ತರಿಸುವ ಕೆಲಸ. ನವೆಂಬರ್ 11ರ ನೂಕು ಅಂದುಕೊಂಡಷ್ಟು ಬರಲಿಲ್ಲ, ಮಾರನೇ ದಿನ ಇನ್ನೊಂದು ಕೊಟ್ಟು ಸರಿಮಾಡಿದರು. ನಿಧಾನದ ದಾರಿಯ ಒಂದು ದೊಡ್ಡ ಲಾಭ ಇದೇ ನೋಡಿ, ತಪ್ಪಿದರೆ ತಿದ್ದಲು ಜಾಗ ಇರುತ್ತದೆ. ಡಿಸೆಂಬರ್ 1ರ ನಡುರಾತ್ರಿ ದಾಟಿದ ಮೇಲೆ ಸೆಕೆಂಡಿಗೆ 648 ಮೀಟರ್‌ನ ನೂಕು, ಭೂಮಿಗೆ ವಿದಾಯ. 2014ರ ಸೆಪ್ಟೆಂಬರ್ 24ರಂದು ಸುಮಾರು 1,099 ಮೀಟರ್‌ನಷ್ಟು ವೇಗ ಇಳಿಸಿ ಮಂಗಳನ ಕಕ್ಷೆ. ಅದಕ್ಕೆ ಎರಡು ದಿನ ಮುಂಚೆ, ತಿಂಗಳುಗಟ್ಟಲೆ ಮಲಗಿದ್ದ ದೊಡ್ಡ ಎಂಜಿನ್ ಏಳುತ್ತದೋ ಇಲ್ಲವೋ ಅಂತ 4 ಸೆಕೆಂಡ್ ಉರಿಸಿ ನೋಡಿದ್ದರು.

ಹೋಲಿಕೆಗೆ ನಾಸಾದ ಮಂಗಳ ನೌಕೆ ಮೇವನ್ ಇದೆ. ಅದು ಹೊರಟಿದ್ದು 2013ರ ನವೆಂಬರ್ 18ಕ್ಕೆ, ಅಟ್ಲಾಸ್-5 ರಾಕೆಟ್‌ನಲ್ಲಿ, ಭೂಮಿ ಸುತ್ತದೆ ನೇರವಾಗಿ. ಮಂಗಳ ತಲುಪಿದ್ದು ನಮಗಿಂತ ಎರಡೇ ದಿನ ಮುಂಚೆ.

ಎಂಜಿನ್ ಕೆಲವು ಸೆಕೆಂಡ್ ಜಾಸ್ತಿ ಉರಿದರೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಆಗುತ್ತದೆ. ರಷ್ಯಾದ ಲೂನಾ-25 ಚಂದ್ರಯಾನ-3ರ ಹೊತ್ತಿನಲ್ಲೇ ಹೊರಟು 5 ದಿನದಲ್ಲಿ ಚಂದ್ರನ ಕಕ್ಷೆ ಸೇರಿತು. 2023ರ ಆಗಸ್ಟ್ 19ರಂದು ಎಂಜಿನ್ 84 ಸೆಕೆಂಡ್ ಉರಿಯಬೇಕಿತ್ತು, 127 ಸೆಕೆಂಡ್ ಉರಿಯಿತು. ಕಕ್ಷೆಯ ಕೆಳ ತುದಿ ಚಂದ್ರನ ನೆಲಕ್ಕಿಂತ ಕೆಳಗೆ ಹೋಯಿತು, ನೌಕೆ ಅಪ್ಪಳಿಸಿತು. ಅಷ್ಟು ವರ್ಷ ದುಡಿದವರ ಕಷ್ಟ ನೆನೆದರೆ ಈಗಲೂ ಬೇಜಾರಾಗುತ್ತದೆ.

ಗ್ರಹದ ಪಕ್ಕ ಹಾದು ವೇಗ ಹೆಚ್ಚಿಸಿಕೊಳ್ಳುತ್ತಾರಂತೆ. ಆ ವೇಗ ಎಲ್ಲಿಂದ ಬರುತ್ತದೆ?

ಗ್ರಹದಿಂದ. ಗುರುಗ್ರಹದ ಮೇಲೆ ನಿಂತು ನೋಡಿದರೆ ನೌಕೆ ಬಂದ ವೇಗದಲ್ಲೇ ವಾಪಸ್ ಹೋಗುತ್ತದೆ, ದಿಕ್ಕು ಮಾತ್ರ ತಿರುಗಿರುತ್ತದೆ. ಆದರೆ ಗುರು ತಾನೇ ಸೂರ್ಯನ ಸುತ್ತ ಸೆಕೆಂಡಿಗೆ 13 ಕಿ.ಮೀ. ಓಡುತ್ತಿದೆ. ಸೂರ್ಯನ ಕಡೆಯಿಂದ ನೋಡಿದಾಗ ಆ ಓಟದ ಒಂದು ಪಾಲು ನೌಕೆಗೆ ಸೇರಿರುತ್ತದೆ. ಗುರುವಿನ ವೇಗ ಅಳೆಯಲಾಗದಷ್ಟು ಕಡಿಮೆ ಆಗುತ್ತದೆ. ಶಕ್ತಿ ಎಲ್ಲೂ ಹುಟ್ಟುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೇ.

ಇದನ್ನು ಗ್ರಹದಿಂದ ಗ್ರಹಕ್ಕೆ ಸರಪಳಿಯಾಗಿ ಬಳಸಬಹುದು ಅಂತ 1961ರಲ್ಲಿ ಲೆಕ್ಕ ಮಾಡಿ ತೋರಿಸಿದವರು ಮೈಕಲ್ ಮಿನೊವಿಚ್, ಆಗಿನ್ನೂ ವಿದ್ಯಾರ್ಥಿ. 1965ರಲ್ಲಿ ಗ್ಯಾರಿ ಫ್ಲಾಂಡ್ರೊ ಇನ್ನೊಂದು ವಿಷಯ ಗಮನಿಸಿದರು. ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕೂ ಒಂದೇ ಪ್ರಯಾಣಕ್ಕೆ ಸಿಗುವ ಜೋಡಣೆ 1970ರ ದಶಕದ ಕೊನೆಗೆ ಬರುತ್ತಿದೆ, ಅಂಥದ್ದು ಸುಮಾರು 175 ವರ್ಷಕ್ಕೊಮ್ಮೆ. ವಾಯೇಜರ್-2 1977ರಲ್ಲಿ ಹೊರಟು 1979, 1981, 1986, 1989ರಲ್ಲಿ ಒಂದೊಂದನ್ನೇ ಮುಟ್ಟಿ ಹೋಯಿತು.

ಸೂರ್ಯ ಎಲ್ಲವನ್ನೂ ಎಳೆಯುತ್ತಾನೆ. ಅವನ ಹತ್ತಿರ ಹೋಗುವುದು ಸುಲಭ ಅಲ್ವಾ?

ಉಲ್ಟಾ. ಭೂಮಿಯ ಜೊತೆ ನಾವು ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಅಡ್ಡ ಓಡುತ್ತಿದ್ದೇವೆ. ಸೂರ್ಯನ ಕಡೆ ಬೀಳಬೇಕಾದರೆ ಅದರಲ್ಲಿ ಬಹುಪಾಲು ಕಳೆಯಬೇಕು. ಸೂರ್ಯನ ಹತ್ತಿರ ಹೋಗುವ ನಾಸಾ ನೌಕೆ ಪಾರ್ಕರ್ ಸೋಲಾರ್ ಪ್ರೋಬ್ ಆ ಕೆಲಸಕ್ಕೆ ಶುಕ್ರನ ಪಕ್ಕ 7 ಸಲ ಹಾದುಹೋಗಬೇಕಾಯಿತು.

ಆದಿತ್ಯ-ಎಲ್1 ಖಾಲಿ ಜಾಗವನ್ನು ಸುತ್ತುತ್ತಿದೆ ಅನ್ನುತ್ತಾರೆ. ಮಧ್ಯದಲ್ಲಿ ಏನೂ ಇಲ್ಲದೆ ಸುತ್ತುವುದು ಹೇಗೆ?

ಒಂದೇ ಕಾಯದ ಗುರುತ್ವ ಮಾತ್ರ ಇಟ್ಟುಕೊಂಡು ಯೋಚಿಸಿದರೆ ಇದು ಅರ್ಥ ಆಗುವುದಿಲ್ಲ. ಇಲ್ಲಿ ಸೂರ್ಯ ಮತ್ತು ಭೂಮಿ ಎರಡೂ ಎಳೆಯುತ್ತಿವೆ, ಮೇಲಿಂದ ಇಡೀ ಜೋಡಿ ವರ್ಷಕ್ಕೊಂದು ಸುತ್ತು ತಿರುಗುತ್ತಿದೆ. ಸೂರ್ಯನಿಗೆ ಹತ್ತಿರ ಇರುವ ವಸ್ತು ಭೂಮಿಗಿಂತ ಬೇಗ ಸುತ್ತಬೇಕು. ಆದರೆ ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದ ಒಂದು ಜಾಗದಲ್ಲಿ ಭೂಮಿಯ ಎಳೆತ ಸೂರ್ಯನ ಎಳೆತವನ್ನು ಬೇಕಾದಷ್ಟೇ ಕಡಿಮೆ ಮಾಡಿ, ಅದೂ ಭೂಮಿಯ ಜೊತೆಗೇ ಒಂದು ವರ್ಷಕ್ಕೆ ಸುತ್ತುವಂತೆ ಮಾಡುತ್ತದೆ. ಅದು ಎಲ್1. ಇಂಥ ಐದು ಜಾಗಗಳಿವೆ. ಮೂರನ್ನು ಆಯ್ಲರ್, ಉಳಿದ ಎರಡನ್ನು ಲಗ್ರಾಂಜ್ 18ನೇ ಶತಮಾನದಲ್ಲೇ ಲೆಕ್ಕದಿಂದ ಕಂಡುಹಿಡಿದಿದ್ದರು.

ಸರಿಯಾಗಿ ಎಲ್1ರಲ್ಲೇ ನಿಂತರೆ ತೊಂದರೆ ಇದೆ. ಭೂಮಿಯಿಂದ ನೋಡುವಾಗ ನೌಕೆಯ ಹಿಂದೆಯೇ ಸೂರ್ಯ ಇರುತ್ತಾನೆ, ಅವನ ರೇಡಿಯೊ ಗದ್ದಲದಲ್ಲಿ ನೌಕೆಯ ದನಿ ಕೇಳುವುದಿಲ್ಲ. ಹಾಗಾಗಿ ಆ ಬಿಂದುವಿನ ಸುತ್ತ ದೊಡ್ಡ ಬಳೆಯಂಥ ದಾರಿಯಲ್ಲಿ ಇಡುತ್ತಾರೆ, ಅದೇ ಹೇಲೋ ಕಕ್ಷೆ. ಈ ಯೋಚನೆಯನ್ನು ಬೆಳೆಸಿದವರು ರಾಬರ್ಟ್ ಫಾರ್ಕ್ವರ್. 1978ರಲ್ಲಿ ಹೊರಟ ಐಎಸ್‌ಇಇ-3 ಅಂಥ ಕಕ್ಷೆ ಸೇರಿದ ಮೊದಲ ನೌಕೆ. ನಮ್ಮ ಆದಿತ್ಯ ಅಲ್ಲಿ ಸೇರಿದ್ದು 2024ರ ಜನವರಿ 6ರಂದು. ಒಂದು ಸುತ್ತಿಗೆ ಸುಮಾರು 178 ದಿನ.

ಆದರೆ ಎಲ್1 ಸ್ಥಿರ ಜಾಗ ಅಲ್ಲ. ಸ್ವಲ್ಪ ದಾರಿ ತಪ್ಪಿದರೆ ಆ ತಪ್ಪು ದಿನೇ ದಿನೇ ಬೆಳೆಯುತ್ತಾ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಆದಿತ್ಯಕ್ಕೆ 2024ರ ಫೆಬ್ರವರಿ 22, ಜೂನ್ 7, ಜುಲೈ 2ರಂದು ಸಣ್ಣ ತಿದ್ದುಪಡಿ ಕೊಟ್ಟರು. ಸಮಯಕ್ಕೆ ಸರಿಯಾಗಿ ತಿದ್ದಿದರೆ ಖರ್ಚು ತೀರಾ ಕಡಿಮೆ, ತಡ ಮಾಡಿದಷ್ಟೂ ಜಾಸ್ತಿ.

ಈ ಅಸ್ಥಿರತೆಯಿಂದ ಲಾಭವೂ ಇದೆಯಾ?

ಇದೆ, ಮತ್ತು ಈ ಕ್ಷೇತ್ರದ ಸಂಶೋಧನೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಸಣ್ಣ ತಪ್ಪು ದೊಡ್ಡದಾಗಿ ಬೆಳೆಯುತ್ತದೆ ಅಂದರೆ ಸಣ್ಣ ನೂಕಿನಿಂದ ದೊಡ್ಡ ಬದಲಾವಣೆ ಮಾಡಬಹುದು ಅಂತಲೂ ಆಯಿತು.

ಜಪಾನಿನ ಹಿಟೆನ್ 1990ರ ಜನವರಿಯಲ್ಲಿ ಹೊರಟಿತು. ಅದು ಚಂದ್ರನ ಕಕ್ಷೆಗೆ ಬಿಟ್ಟ ಪುಟ್ಟ ಉಪಗ್ರಹದ ಸಂಪರ್ಕ ಕಡಿದುಹೋಯಿತು. ಹಿಟೆನ್ ತಾನೇ ಚಂದ್ರನ ಕಕ್ಷೆ ಸೇರೋಣ ಅಂದರೆ ಮಾಮೂಲಿ ದಾರಿಗೆ ಸಾಕಾಗುವಷ್ಟು ಇಂಧನ ಇರಲಿಲ್ಲ. ಆಗ ಅಮೆರಿಕದ ಎಡ್ವರ್ಡ್ ಬೆಲ್‌ಬ್ರುನೊ ಮತ್ತು ಜೇಮ್ಸ್ ಮಿಲ್ಲರ್ ಬೇರೆ ದಾರಿ ಹುಡುಕಿದರು. ಚಂದ್ರನನ್ನು ದಾಟಿ ತುಂಬಾ ದೂರ, 15 ಲಕ್ಷ ಕಿ.ಮೀ. ಆಸುಪಾಸಿಗೆ ಹೋಗಬೇಕು. ಅಲ್ಲಿ ಸೂರ್ಯನ ಎಳೆತ ದಾರಿಯನ್ನು ಮೆಲ್ಲಗೆ ತಿರುಗಿಸಿಕೊಡುತ್ತದೆ. ವಾಪಸ್ ಬರುವಾಗ ನೌಕೆಯ ವೇಗ ಚಂದ್ರನ ವೇಗಕ್ಕೆ ಹೊಂದಿಕೊಂಡಿರುತ್ತದೆ, ಬ್ರೇಕ್ ಹಾಕುವ ಮುಂಚೆಯೇ ಚಂದ್ರ ಅದನ್ನು ತಾತ್ಕಾಲಿಕವಾಗಿ ಹಿಡಿದುಕೊಂಡಿರುತ್ತಾನೆ. 1991ರ ಅಕ್ಟೋಬರ್‌ನಲ್ಲಿ ಹಿಟೆನ್ ಹಾಗೇ ತಲುಪಿತು. ನಾಸಾದ ಗ್ರೇಲ್ ನೌಕೆಗಳು 2011ರಲ್ಲಿ, ದಕ್ಷಿಣ ಕೊರಿಯಾದ ದನೂರಿ 2022ರಲ್ಲಿ ಇದೇ ಜಾತಿಯ ದಾರಿ ಹಿಡಿದವು. ಸಮಯ 3-4 ತಿಂಗಳು, ಇಂಧನ ಕಡಿಮೆ.

ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್ ವಾಪಸ್ ಭೂಮಿಗೆ ಬಂತಂತೆ, ನಿಜವಾ?

ಭೂಮಿಯ ಕಕ್ಷೆಗೆ ಬಂತು, ನೆಲಕ್ಕಲ್ಲ. ಇದು ಮೊದಲ ಯೋಜನೆಯಲ್ಲಿ ಇರಲಿಲ್ಲ. ರಾಕೆಟ್ ಕರಾರುವಾಕ್ಕಾಗಿ ಬಿಟ್ಟಿದ್ದರಿಂದ, ದಾರಿಯಲ್ಲೂ ಉಳಿತಾಯ ಆಗಿದ್ದರಿಂದ, ಚಂದ್ರನ ಸುತ್ತ ಒಂದು ತಿಂಗಳಾದ ಮೇಲೂ 100 ಕೆ.ಜಿ.ಗಿಂತ ಜಾಸ್ತಿ ಇಂಧನ ಉಳಿದಿತ್ತು. ಮುಂದೆ ಚಂದ್ರನಿಂದ ಕಲ್ಲು ಮಣ್ಣು ತರಬೇಕಾದರೆ ವಾಪಸ್ ಬರುವ ದಾರಿ ಗೊತ್ತಿರಬೇಕಲ್ಲ, ಅದನ್ನೇ ಅಭ್ಯಾಸ ಮಾಡಿದರು.

2023ರ ಅಕ್ಟೋಬರ್ 9ರಂದು 150 ಕಿ.ಮೀ. ಇದ್ದ ಕಕ್ಷೆಯ ಮೇಲ್ತುದಿಯನ್ನು 5,112 ಕಿ.ಮೀ.ಗೆ ಏರಿಸಿದರು. ಅಕ್ಟೋಬರ್ 13ರಂದು ಭೂಮಿಯ ಕಡೆ ನೂಕು. ಆಮೇಲೆ ಚಂದ್ರನ ಪಕ್ಕ 4 ಸಲ ಹಾದು, ನವೆಂಬರ್ 10ಕ್ಕೆ ಅವನ ಹಿಡಿತ ಬಿಟ್ಟಿತು. ದಾರಿಗೆ ಎರಡು ಕಟ್ಟುಪಾಡು ಇದ್ದವು. ಚಂದ್ರನಿಗೆ ಅಪ್ಪಳಿಸಬಾರದು. ಭೂಮಿಯ ಹತ್ತಿರ ಬಂದಾಗ ಸಂಪರ್ಕ ಉಪಗ್ರಹಗಳು ಇರುವ 36,000 ಕಿ.ಮೀ. ಪಟ್ಟಿಗೂ ಅದರ ಕೆಳಗೂ ಇಳಿಯಬಾರದು. ನವೆಂಬರ್ 22ರಂದು ಪೆರಿಜಿ ದಾಟಿದಾಗ ಎತ್ತರ 1.54 ಲಕ್ಷ ಕಿ.ಮೀ. ಇತ್ತು.

ಅಷ್ಟು ದೂರದ ನೌಕೆ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಜಿಪಿಎಸ್ ಇರುತ್ತಾ?

ಅಷ್ಟು ದೂರದಲ್ಲಿ ಜಿಪಿಎಸ್ ನಂಬಿಕೊಂಡು ಹೋಗುವ ಹಾಗಿಲ್ಲ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ 32 ಮೀಟರ್ ಮತ್ತು 18 ಮೀಟರ್ ಅಗಲದ ಆಂಟೆನಾಗಳಿವೆ, ಚಂದ್ರಯಾನ-1ರ ಹೊತ್ತಿಗೆ ಕಟ್ಟಿದ್ದು. ಅಲ್ಲಿಂದ ಸಿಗ್ನಲ್ ಕಳಿಸಿ, ನೌಕೆ ಅದನ್ನು ಮರಳಿಸಲು ಎಷ್ಟು ಹೊತ್ತು ಆಯಿತು ಅಂತ ಅಳೆದರೆ ದೂರ ಗೊತ್ತಾಗುತ್ತದೆ. ಸಿಗ್ನಲ್‌ನ ಆವರ್ತನ ಎಷ್ಟು ಬದಲಾಯಿತು ಅಂತ ಅಳೆದರೆ ವೇಗ ಗೊತ್ತಾಗುತ್ತದೆ, ಅದೂ ನಮ್ಮ ಕಡೆಗೆ ಬರುವ ಅಥವಾ ದೂರ ಹೋಗುವ ವೇಗ ಮಾತ್ರ. ಅಡ್ಡ ವೇಗವನ್ನು ನೇರವಾಗಿ ಅಳೆಯಲು ಆಗುವುದಿಲ್ಲ. ದಿನಗಟ್ಟಲೆ ಅಳತೆ ಸೇರಿಸಿ, ಈ ಎಲ್ಲ ಅಳತೆಗೂ ಹೊಂದುವ ದಾರಿ ಯಾವುದು ಅಂತ ಹುಡುಕಬೇಕು. ಇಸ್ರೋ ನೌಕೆಗಳ ಮೇಲೆ ಕಣ್ಣಿಡುವ ಪೀಣ್ಯದ ಇಸ್ಟ್ರಾಕ್ ಕೇಂದ್ರದಲ್ಲಿ ಕೂತವರು ತೋರಿಸುವ "ನೌಕೆ ಇಲ್ಲಿದೆ" ಅನ್ನುವ ಚುಕ್ಕೆಯ ಹಿಂದೆ ಇಂಥ ಅಂದಾಜಿನ ದೊಡ್ಡ ಲೆಕ್ಕ ಇರುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಇದೆ. ಒಂದು ಸಾಫ್ಟ್‌ವೇರ್ ಸಣ್ಣ ಎಂಜಿನ್‌ಗಳ ನೂಕನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಅಂದುಕೊಂಡಿತು. ತಿಂಗಳುಗಟ್ಟಲೆ ಸಣ್ಣ ಸಣ್ಣ ತಪ್ಪು ಕೂಡಿಕೊಂಡು 1999ರ ಸೆಪ್ಟೆಂಬರ್ 23ರಂದು ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ 57ರ ಹತ್ತಿರ ಹಾದು ನಾಶವಾಯಿತು.

ಒಮ್ಮೆ ಕಕ್ಷೆಗೆ ಹಾಕಿದ ಮೇಲೆ ಅದು ಹಾಗೇ ಇರುತ್ತದಾ?

ಪುಸ್ತಕದಲ್ಲಿ ಇರುತ್ತದೆ. ಚಂದ್ರನ ಒಳಗೆ ಕೆಲವು ಕಡೆ ದ್ರವ್ಯ ಜಾಸ್ತಿ ಇದೆ, ಎಳೆತ ಎಲ್ಲ ಕಡೆ ಒಂದೇ ಅಲ್ಲ. ಅಪೋಲೊ-16 ತಂಡ 1972ರ ಏಪ್ರಿಲ್ 24ರಂದು ಬಿಟ್ಟ ಪುಟ್ಟ ಉಪಗ್ರಹ 35 ದಿನದಲ್ಲಿ ಚಂದ್ರನ ಮೇಲೆ ಬಿತ್ತು, ಅಲ್ಲಿ ಗಾಳಿಯೂ ಇಲ್ಲ, ಎಂಜಿನ್ ಯಾರೂ ಮುಟ್ಟಲಿಲ್ಲ. ಇದೇ ಅಸಮತೆಯನ್ನು ನಾವು ಭೂಮಿಯ ಸುತ್ತ ಒಳ್ಳೆಯದಕ್ಕೆ ಬಳಸುತ್ತೇವೆ. ಭೂಮಿ ಸಮಭಾಜಕದ ಹತ್ತಿರ ಉಬ್ಬಿದೆ, ಆ ಉಬ್ಬು ಕಕ್ಷೆಯನ್ನು ಮೆಲ್ಲಗೆ ತಿರುಗಿಸುತ್ತದೆ. ಸುಮಾರು 98 ಡಿಗ್ರಿ ವಾಲಿಸಿ ಇಟ್ಟರೆ ಆ ತಿರುಗುವಿಕೆ ದಿನಕ್ಕೆ ಒಂದು ಡಿಗ್ರಿಯಷ್ಟು ಬಂದು ಸೂರ್ಯನ ಜೊತೆ ಹೆಜ್ಜೆ ಹಾಕುತ್ತದೆ. ನಮ್ಮ ಭೂ ಸರ್ವೇಕ್ಷಣಾ ಉಪಗ್ರಹಗಳು ಒಂದೇ ಊರನ್ನು ಪ್ರತಿಸಲ ಒಂದೇ ಹೊತ್ತಿನ ಬಿಸಿಲಿನಲ್ಲಿ ನೋಡುವುದು ಹೀಗೆ.

ಮುಂದೆ ಹೋಗುತ್ತಿರುವ ನೌಕೆಯನ್ನು ಹಿಡಿಯಲು ವೇಗ ಕಡಿಮೆ ಮಾಡಬೇಕಂತೆ. ಇದು ತಮಾಷೆನಾ?

ಖಂಡಿತ ಅಲ್ಲ. ಮುಂದಕ್ಕೆ ನೂಕಿದರೆ ನಿಮ್ಮ ಕಕ್ಷೆ ದೊಡ್ಡದಾಗುತ್ತದೆ, ಸುತ್ತಲು ಹೊತ್ತು ಜಾಸ್ತಿ ಬೇಕು, ನೀವು ಹಿಂದೆ ಬೀಳುತ್ತೀರಿ. ವೇಗ ಇಳಿಸಿದರೆ ಕೆಳಗಿನ ಚಿಕ್ಕ ಕಕ್ಷೆಗೆ ಹೋಗಿ ಮುಂದೆ ಬರುತ್ತೀರಿ. 1965ರಲ್ಲಿ ಅಮೆರಿಕದ ಜೆಮಿನಿ-4 ನೌಕೆಯ ಗಗನಯಾನಿ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮ ರಾಕೆಟ್‌ನ ಖಾಲಿ ಹಂತದ ಕಡೆಗೆ ನೇರವಾಗಿ ನೂಕಿ ನೋಡಿದರು, ಹತ್ತಿರ ಹೋಗಲು ಆಗಲಿಲ್ಲ. ಇಸ್ರೋದ ಸ್ಪೇಡೆಕ್ಸ್ ನೌಕೆಗಳು 2025ರ ಜನವರಿ 16ರಂದು ಜೋಡಿಯಾಗುವ ಮುಂಚೆ ಹಂತ ಹಂತವಾಗಿ ಹತ್ತಿರ ಬಂದು, ನಿಂತು, ಮತ್ತೆ ಹತ್ತಿರ ಬಂದದ್ದು ಈ ಕಾರಣಕ್ಕೆ.

ಬಾಹ್ಯಾಕಾಶದ ಕಸ ದಾರಿಗೆ ಅಡ್ಡ ಬರುತ್ತದಾ?

ಬರುತ್ತದೆ. ಚಂದ್ರಯಾನ-3ರ ಉಡಾವಣೆಯನ್ನು 4 ಸೆಕೆಂಡ್ ತಡ ಮಾಡಿದ್ದು ಕಸಕ್ಕೆ ಡಿಕ್ಕಿ ಆಗುವ ಅಪಾಯ ತಪ್ಪಿಸಲು. ಚಂದ್ರನ ಸುತ್ತಲೂ ಈಗ ಹುಷಾರಾಗಿರಬೇಕು. 2021ರ ಅಕ್ಟೋಬರ್‌ನಲ್ಲಿ ಚಂದ್ರಯಾನ-2ರ ಆರ್ಬಿಟರ್ ನಾಸಾದ ಎಲ್‌ಆರ್‌ಒ ನೌಕೆಗೆ ತೀರಾ ಹತ್ತಿರ ಬರುವಂತಿತ್ತು, ಎರಡು ದಿನ ಮುಂಚೆ ದಾರಿ ಬದಲಾಯಿಸಿದರು.

ನ್ಯೂಟನ್ ಕಾಲದ ಲೆಕ್ಕ ಇದು. ಇದರಲ್ಲಿ ಇನ್ನೇನು ಸಂಶೋಧನೆ ಬಾಕಿ ಇದೆ?

ಬೇಕಾದಷ್ಟು. ಎರಡು ಕಾಯಗಳ ಲೆಕ್ಕ ಮುಗಿದಿದೆ, ಮೂರು ಬಂದ ಕೂಡಲೇ ಸಾಮಾನ್ಯ ಸೂತ್ರ ಇಲ್ಲ, ಕಂಪ್ಯೂಟರ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಸಿಯೇ ನೋಡಬೇಕು. ವಿದ್ಯುತ್ ಎಂಜಿನ್ ಇನ್ನೊಂದು ದೊಡ್ಡ ವಿಷಯ. ಯುರೋಪಿನ ಸ್ಮಾರ್ಟ್-1 2003ರಲ್ಲಿ ಹೊರಟು ಒಂದು ವರ್ಷಕ್ಕೂ ಜಾಸ್ತಿ ಸುರುಳಿ ಸುತ್ತುತ್ತಾ ಚಂದ್ರನನ್ನು ಸೇರಿತು. ಅಲ್ಲಿ ಎಂಜಿನ್ ಯಾವಾಗ ಉರಿಸಬೇಕು ಅನ್ನುವ ಪ್ರಶ್ನೆ ಮಾಯವಾಗಿ, ಸಾವಿರಾರು ಗಂಟೆ ಪ್ರತಿ ಕ್ಷಣ ಯಾವ ದಿಕ್ಕಿಗೆ ನೂಕಬೇಕು ಅನ್ನುವ ಪ್ರಶ್ನೆ ಬರುತ್ತದೆ. ಹತ್ತಾರು ಕ್ಷುದ್ರಗ್ರಹಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಅನ್ನುವಂಥ ಸಮಸ್ಯೆಗಳಿಗೆ ದಾರಿಗಳ ಸಂಖ್ಯೆ ಎಣಿಸಲಾಗದಷ್ಟು. ಯುರೋಪಿಯನ್ ಸ್ಪೇಸ್ ಏಜೆನ್ಸಿಯ ತಂಡವೊಂದು 2005ರಲ್ಲಿ ಶುರುಮಾಡಿದ ಜಾಗತಿಕ ಸ್ಪರ್ಧೆಯೇ ಇದೆ, ಜಿಟಿಒಸಿ ಅಂತ. ಗೆದ್ದವರು ಮುಂದಿನ ಸಲದ ಸಮಸ್ಯೆ ಕೊಡುತ್ತಾರೆ.

ನಾನು ಕಲಿಯಬೇಕು. ಎಲ್ಲಿಂದ ಶುರು ಮಾಡಲಿ?

ಓದುವುದಾದರೆ ಬೆಂಗಳೂರಿನ ಐಐಎಸ್‌ಸಿಯ ಏರೋಸ್ಪೇಸ್ ವಿಭಾಗ, ತಿರುವನಂತಪುರದ ಐಐಎಸ್‌ಟಿ, ಹಲವು ಐಐಟಿಗಳಿವೆ. ಗಣಿತ, ಭೌತಶಾಸ್ತ್ರ ಓದಿದವರೂ ಈ ಕೆಲಸಕ್ಕೆ ಬರುತ್ತಾರೆ. ಆದರೆ ಕಾಲೇಜಿಗೆ ಕಾಯಬೇಡಿ. ದಾರಿ ಲೆಕ್ಕ ಹಾಕುವ ನಾಸಾದ ಜಿಮ್ಯಾಟ್ ಸಾಫ್ಟ್‌ವೇರ್ ಉಚಿತ. ಗ್ರಹಗಳು, ನೌಕೆಗಳು ಯಾವ ದಿನ ಎಲ್ಲಿ ಅಂತ ಹೇಳುವ, ನಾಸಾದ ಜೆಪಿಎಲ್ ಪ್ರಯೋಗಾಲಯದ ಹೊರೈಜನ್ಸ್ ಕೂಡ ಉಚಿತ. ಪೈಥಾನ್ ಸ್ವಲ್ಪ ಬಂದರೆ ಸಾಕು.

ಮೊದಲ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಸಾಕು, ಇವತ್ತು ರಾತ್ರಿಯೇ ಮಾಡಿ. ಮಂಗಳಯಾನ ಸೇರಿದ ಕಕ್ಷೆ 421.7 x 76,993.6 ಕಿ.ಮೀ. ಎರಡನ್ನೂ ಕೂಡಿ ಅರ್ಧ ಮಾಡಿ, ಮಂಗಳನ ತ್ರಿಜ್ಯ 3,396.2 ಕಿ.ಮೀ. ಸೇರಿಸಿ. ಬಂದ ಸಂಖ್ಯೆಯ ಘನವನ್ನು 42,828ರಿಂದ (ಮಂಗಳನ ಗುರುತ್ವದ ಸಂಖ್ಯೆ) ಭಾಗಿಸಿ, ವರ್ಗಮೂಲ ತೆಗೆದು, 2 ಪೈಯಿಂದ ಗುಣಿಸಿ. ಸೆಕೆಂಡ್‌ನಲ್ಲಿ ಉತ್ತರ ಬರುತ್ತದೆ, 3,600ರಿಂದ ಭಾಗಿಸಿದರೆ ಗಂಟೆ. ನಿಮಗೆ 72 ಗಂಟೆ 51 ನಿಮಿಷದ ಮೇಲೆ ಕೆಲವು ಸೆಕೆಂಡ್ ಸಿಗಬೇಕು. ಆವತ್ತು ಇಸ್ರೋ ಹೇಳಿದ್ದು 72 ಗಂಟೆ 51 ನಿಮಿಷ 51 ಸೆಕೆಂಡ್.